ಸಾಲು ಕರಗಿದ ಬೇಸಿಗೆ: ಮಕ್ಕಳ ಫುಟ್‌ಬಾಲ್ ಶಿಬಿರವೊಂದರ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದಿದು. ಊರು, ಕೋಚ್, ಮಕ್ಕಳು ಯಾರ ಹೆಸರನ್ನೂ ಹೇಳುತ್ತಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು, ಈಗ ಮೈಸೂರಿನಲ್ಲಿ ವಾಸ. ಕೋಚ್ ನನ್ನ ಹಳೆಯ ವಿದ್ಯಾರ್ಥಿ. ಹಾಗಾಗಿ ಅವನು ಮಾಡಿದ ತಪ್ಪುಗಳಲ್ಲಿ ಅರ್ಧ ನಾನೇ ಕಲಿಸಿದ್ದು.

ಹಿನ್ನೆಲೆ

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಆರು ವಾರದ ಬೇಸಿಗೆ ಶಿಬಿರ. ಬೆಳಿಗ್ಗೆ ಆರೂವರೆಯಿಂದ ಏಳೂಮುಕ್ಕಾಲು. ಎಂಟು ಗಂಟೆ ದಾಟಿದರೆ ನಮ್ಮ ಕಡೆ ಬಿಸಿಲು ಚುರುಗುಟ್ಟುತ್ತದೆ, ಅದಕ್ಕೇ ಆ ವೇಳೆ. ಏಳರಿಂದ ಹನ್ನೊಂದು ವರ್ಷದೊಳಗಿನ 28 ಮಕ್ಕಳು ಸೇರಿದ್ದರು, ಅವರಲ್ಲಿ ಆರು ಹುಡುಗಿಯರು. ಮೈದಾನ ಕೆಂಪು ಮಣ್ಣಿನದು. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ಚರಂಡಿ, ಅದರಾಚೆ ಕಬ್ಬಿನ ಗದ್ದೆ. ಗದ್ದೆಗೆ ಹೋದ ಚೆಂಡು ವಾಪಸ್ ಬರುವುದು ಗದ್ದೆಯವರ ಮನಸ್ಸಿನ ಮೇಲೆ.

ಕೋಚ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವನು, ಇಪ್ಪತ್ತಾರು ವರ್ಷ, ಒಳ್ಳೆಯ ಮಿಡ್‌ಫೀಲ್ಡರ್. ಜೊತೆಗೆ ಸಹಾಯಕ್ಕೆ ಒಬ್ಬ ಕಾಲೇಜು ಹುಡುಗ. ಸಾಮಾನು ಅಂದರೆ ನಾಲ್ಕು ಚೆಂಡು, ನಾಲ್ಕೂ ದೊಡ್ಡವರು ಆಡುವ ಐದನೇ ಸೈಜು, ಹನ್ನೆರಡು ಕೋನು, ಒಂದು ಸೀಟಿ.

ಕ್ರಿಕೆಟ್ ಬಿಟ್ಟರೆ ಕಬಡ್ಡಿ ಎನ್ನುವ ಊರಲ್ಲಿ 28 ಮಕ್ಕಳು ಫುಟ್‌ಬಾಲಿಗೆ ಬಂದದ್ದೇ ದೊಡ್ಡದು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ವರ್ಷವೇ ದೇಶದ ಆಗಿನ ದೊಡ್ಡ ಲೀಗಾದ ಐ-ಲೀಗ್ ಗೆದ್ದ ಮೇಲೆ ಅದರ ನಾಯಕ ಸುನಿಲ್ ಛೆಟ್ರಿ ಹೆಸರು ನಮ್ಮ ಹಳ್ಳಿಗಳಿಗೂ ಬಂದಿದೆ. ಶಿಬಿರಕ್ಕೆ ಬಂದ ಮೂವರ ಬೆನ್ನ ಮೇಲೆ ಅವನ ನಂಬರ್ ಇತ್ತು.

ಮೊದಲ ವಾರ ಮುಗಿಯುವಾಗ ಕೋಚ್ ಫೋನ್ ಮಾಡಿದ. “ಸಾರ್, ಮಕ್ಕಳು ಮಾತು ಕೇಳ್ತಿಲ್ಲ. ಶಿಸ್ತಿಲ್ಲ. ನೀವೊಂದ್ಸಲ ಬಂದು ಗದರಿ.”

ನಾನು ಗದರುವುದಕ್ಕೇ ಹೋದೆ.

ಕಂಡದ್ದು

ಎರಡನೇ ವಾರದ ಮಂಗಳವಾರ. ಹೊಂಗೆಮರದ ಕೆಳಗೆ ಕೂತು ನೋಡಿದೆ. ಮೈದಾನಕ್ಕೆ ಎರಡು ಸುತ್ತು ಓಟ. ನಿಂತಲ್ಲೇ ಕೈಕಾಲು ಆಡಿಸುವ ವ್ಯಾಯಾಮ ಹದಿನೈದು ನಿಮಿಷ. ಆಮೇಲೆ ಎರಡು ಸಾಲು, ಕೋನುಗಳ ನಡುವೆ ಚೆಂಡು ತಳ್ಳಿಕೊಂಡು ಹೋಗಿ ಬರುವುದು. ಆಮೇಲೆ ಇನ್ನೊಂದು ಸಾಲು, ಗೋಲಿಗೆ ಒದೆಯುವುದು. ಕೊನೆಗೆ ಹತ್ತು ನಿಮಿಷ ಮ್ಯಾಚು, ಹನ್ನೆರಡರ ಮೇಲೆ ಹನ್ನೆರಡು. ತಪ್ಪು ಮಾಡಿದವರಿಗೆ, ಮಾತಾಡಿದವರಿಗೆ, ತಡವಾಗಿ ಬಂದವರಿಗೆ ಇನ್ನೊಂದು ಸುತ್ತು ಓಟ. ನಾನು ಮೂವತ್ತು ವರ್ಷ ಮಾಡಿಸಿದ್ದೂ ಇದನ್ನೇ.

ಸುಮ್ಮನೆ ಕೂತವನಿಗೆ ಲೆಕ್ಕ ಹಾಕುವ ಚಪಲ ಬಂತು. ಅಂದು ಬಂದಿದ್ದವರು 24 ಮಕ್ಕಳು. ಎರಡು ಸಾಲು ಎಂದರೆ ಸಾಲಿಗೆ 12. ಒಬ್ಬ ಹೋಗಿ ಬರಲು ಸುಮಾರು 20 ಸೆಕೆಂಡು. ಅಂದರೆ ಒಂದು ಮಗುವಿನ ಸರದಿ ನಾಲ್ಕು ನಿಮಿಷಕ್ಕೊಮ್ಮೆ. 20 ನಿಮಿಷದ ಅಭ್ಯಾಸದಲ್ಲಿ ಐದು ಸಲ. ಉಳಿದ ಹೊತ್ತೆಲ್ಲ ಮುಂದಿನವನ ಬೆನ್ನು ನೋಡುವುದು. ಎಂಟು ವರ್ಷದ ಹುಡುಗ ಮೂರೂಮುಕ್ಕಾಲು ನಿಮಿಷ ಸುಮ್ಮನೆ ನಿಲ್ಲಬೇಕೆಂದರೆ, ಅವನು ಮುಂದಿನವನ ಚಡ್ಡಿ ಎಳೆಯದೆ ಇನ್ನೇನು ಮಾಡಿಯಾನು?

ಒಬ್ಬನನ್ನು ಗುರುತಿಟ್ಟುಕೊಂಡೆ. ನೀಲಿ ಹವಾಯಿ ಚಪ್ಪಲಿಯಲ್ಲಿ ಬಂದು, ಅದನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟು, ಬರಿಗಾಲಲ್ಲಿ ಆಡುತ್ತಿದ್ದ ಒಂಬತ್ತರ ಹುಡುಗ. ಎಪ್ಪತ್ತೈದು ನಿಮಿಷದಲ್ಲಿ ಅವನ ಕಾಲಿಗೆ ಚೆಂಡು ತಾಗಿದ್ದು 23 ಸಲ. ಇದಲ್ಲದೆ ಎರಡು ಸಲ ಕೈಗೂ ಸಿಕ್ಕಿತು, ಚರಂಡಿಯಿಂದ ಎತ್ತಿ ತರುವಾಗ. ಮುಗಿದ ಮೇಲೆ ಹತ್ತಿರ ಕರೆದು, ಹೆಂಗಪ್ಪಾ ಪ್ರಾಕ್ಟೀಸು ಅಂದೆ. ಅವನು ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ.

“ಮನೇಲಿ ಗ್ವಾಡೆಗೆ ಒದ್ರೆ ಚೆಂಡು ವಾಪಸ್ ಬತ್ತದೆ ಸಾ. ಇಲ್ಲಿ ಒದ್ರೆ ಬರದೇ ಇಲ್ಲ.”

ಗದರುವ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಕೋಚಿಗೆ ಅದನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. “ಬೇಸಿಕ್ಸ್ ಬರ್ದೇ ಆಟ ಹೆಂಗೆ ಆಡಿಸೋದು ಸಾರ್?” ಎಂದ. ಸರಿಯಾದ ಪ್ರಶ್ನೆಯೇ. ಅವನ ಪ್ರಕಾರ ಮಕ್ಕಳದ್ದು ಶಿಸ್ತಿನ ತೊಂದರೆ, ನನ್ನ ಪ್ರಕಾರ ಸಾಲಿನ ತೊಂದರೆ. ಅವನ ಶಿಬಿರ, ಆದ್ದರಿಂದ ಮೊದಲು ಅವನ ದಾರಿಯಲ್ಲೇ ಹೋದೆವು.

ಮಾಡಿ ನೋಡಿದ್ದು

ಚೆನ್ನಾಗಿ ಸಾಲಿನಲ್ಲಿ ನಿಂತವರಿಗೆ ಅಂಕ, ವಾರದ ಕೊನೆಗೆ ಚಾಕೊಲೇಟು. ಮೂರು ದಿನ ನಡೆಯಿತು. ನಾಲ್ಕನೇ ದಿನ ಚಾಕೊಲೇಟಿಗಾಗಿ ಜಗಳ. ಎರಡನೇ ವಾರ ಮುಗಿಯುವಾಗ ಉಳಿದವರು 17. ಆರು ಹುಡುಗಿಯರಲ್ಲಿ ಇಬ್ಬರು.

ಆಮೇಲೆ ನನ್ನ ಸಲಹೆಯಂತೆ ಸಾಲುಗಳನ್ನೆಲ್ಲ ಬಿಟ್ಟು ಬರೀ ಮ್ಯಾಚು ಆಡಿಸಿದೆವು. ಇದೂ ಕೆಟ್ಟಿತು, ಬೇರೆ ರೀತಿಯಲ್ಲಿ. ಒಂಬತ್ತರ ಮೇಲೆ ಎಂಟು, ಚೆಂಡು ಒಂದೇ. ಬೆಲ್ಲದಚ್ಚಿಗೆ ಇರುವೆ ಮುತ್ತಿದಂತೆ ಅಷ್ಟೂ ಜನ ಅದರ ಸುತ್ತ. ಮೈ ಬೆಳೆದ ಇಬ್ಬರು ಹನ್ನೊಂದರ ಹುಡುಗರು ಚೆಂಡನ್ನು ಹೊತ್ತೊಯ್ದು ಗೋಲಿಗೆ ಹಾಕಿ ಬರುತ್ತಿದ್ದರು. ಗೋಲು ದೊಡ್ಡವರದ್ದು, 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರೊಳಗೆ ನಿಂತ ಎಂಟು ವರ್ಷದ ಗೋಲ್‌ಕೀಪರನ ತಲೆಯ ಮೇಲೆ ಎತ್ತಿ ಹಾಕಿದರೆ ಆಯಿತು, ಗೋಲು. ಎರಡೇ ದಿನದಲ್ಲಿ ಎಲ್ಲರೂ ಅದೊಂದನ್ನು ಕಲಿತರು. ಪಾಸು ಯಾರಿಗೂ ಬೇಡವಾಯಿತು.

ಆ ವಾರದ ಇನ್ನೊಂದು ಎಡವಟ್ಟನ್ನು ಹೇಳಲೇಬೇಕು. ಉಳಿದಿದ್ದ ಇಬ್ಬರು ಹುಡುಗಿಯರಿಗೆ ಯಾರೂ ಚೆಂಡು ಕೊಡುತ್ತಿರಲಿಲ್ಲ. ಕೋಚ್ ಒಂದು ನಿಯಮ ಮಾಡಿದ: ಗೋಲು ಹಾಕುವ ಮೊದಲು ಹುಡುಗಿಯೊಬ್ಬಳ ಕಾಲಿಗೆ ಚೆಂಡು ತಾಗಿರಬೇಕು. ಕಾಳಜಿಯಿಂದಲೇ ಮಾಡಿದ್ದು. ಹುಡುಗರು ಏನು ಮಾಡಿದರೆಂದರೆ, ಆಟ ಶುರುವಾದೊಡನೆ ಒಂದು ಸಲ ಅವಳ ಕಾಲಿಗೆ ತಾಗಿಸಿ, “ಆಯ್ತು ಸಾ!” ಎಂದು ಕೂಗಿ, ವಾಪಸ್ ಕಿತ್ತುಕೊಂಡು ಓಡಿದರು. ಅವಳು ಆಟಗಾರ್ತಿಯಲ್ಲ, ಟೋಲ್ ಗೇಟು. ಮರುದಿನ ಒಬ್ಬಳು ಬರಲಿಲ್ಲ.

ಜೆರ್ಸಿಯೋ ಚೆಂಡೋ

ಮೂರನೇ ವಾರದ ಕೊನೆಗೆ ಜೆರ್ಸಿ ಹೊಲಿಸಲು ಹಣ ಕಟ್ಟಬೇಕಿತ್ತು. ತಲಾ 350 ರೂಪಾಯಿಯಂತೆ 28 ಮಕ್ಕಳಿಂದ 9,800 ಮೊದಲೇ ಬಂದಿತ್ತು. ಬಿಟ್ಟುಹೋದವರಲ್ಲಿ ಇಬ್ಬರು ವಾಪಸ್ ಪಡೆದಿದ್ದರು. ಕೈಯಲ್ಲಿ 9,100. ನಾನು ಕೋಚಿಗೆ ಹೇಳಿದೆ: ಈ ದುಡ್ಡಿಗೆ ಚೆಂಡು ತಗೋ.

ಅವನಿಗೆ ಎದೆ ಧಸಕ್ಕೆಂದಿತು. ಜೆರ್ಸಿ ಹಾಕಿಕೊಂಡು ಸಮಾರೋಪದಲ್ಲಿ ಫೋಟೋ ತೆಗೆಸಿಕೊಳ್ಳುವುದೇ ಎಷ್ಟೋ ಪೋಷಕರ ಪಾಲಿಗೆ ಶಿಬಿರ. ಭಾನುವಾರ ಸಭೆ ಕರೆದೆವು. ಮಾತಿನಲ್ಲಿ ಹೇಳಿದ್ದರೆ ಸೋಲುತ್ತಿದ್ದೆವು, ಆದ್ದರಿಂದ ಒಂದು ಸಣ್ಣ ಆಟ ಕಟ್ಟಿದೆ. ಇಬ್ಬರು ತಂದೆಯರನ್ನು ಸಾಲಿನಲ್ಲಿ ನಾಲ್ಕು ನಿಮಿಷ ನಿಲ್ಲಿಸಿ ಗಡಿಯಾರ ಹಿಡಿದೆ. ಎರಡನೇ ನಿಮಿಷಕ್ಕೇ ಒಬ್ಬರು ಮೊಬೈಲ್ ತೆಗೆದರು. ಎಲ್ಲರೂ ನಕ್ಕರು. ಆಮೇಲೆ ಐದನೇ ಸೈಜಿನ ಚೆಂಡನ್ನು ಅವರ ಕೈಗೆ ಕೊಟ್ಟೆ. 68ರಿಂದ 70 ಸೆಂಟಿಮೀಟರ್ ಸುತ್ತಳತೆ, 410ರಿಂದ 450 ಗ್ರಾಂ ತೂಕ, ಛೆಟ್ರಿ ಒದೆಯುವುದೂ ಇದನ್ನೇ. ನಿಮ್ಮ ಮಗನ ಪಾದ ಎಷ್ಟುದ್ದ ನೋಡಿ ಎಂದೆ. ಮಕ್ಕಳಿಗಾಗಿ ಮೈದಾನ, ಚೆಂಡು, ಗೋಲು, ಆಟದ ಅವಧಿ ಎಲ್ಲವನ್ನೂ ಚಿಕ್ಕದು ಮಾಡಿಕೊಳ್ಳಲು ಫುಟ್‌ಬಾಲಿನ ನಿಯಮ ಪುಸ್ತಕವೇ ಅವಕಾಶ ಕೊಟ್ಟಿದೆ ಎಂದಾಗ ಹಿಂದೆ ಕೂತಿದ್ದ ಒಬ್ಬ ತಾಯಿ, “ಹಂಗಾರೆ ದೊಡ್ಡೋರ ಚೆಂಡು ಯಾಕೆ ತಂದ್ರಿ ಮೊದ್ಲು?” ಎಂದರು. ಕೋಚ್ ನನ್ನ ಮುಖ ನೋಡಿದ, ನಾನು ಹೊಂಗೆಮರ ನೋಡಿದೆ.

ಒಪ್ಪಿದರು, ಎಲ್ಲರೂ ಅಲ್ಲ. ಏಳೆಂಟು ವರ್ಷದವರಿಗೆ ಆರು ಮೂರನೇ ಸೈಜು, ಅವರಿಗಿಂತ ದೊಡ್ಡವರಿಗೆ ಹತ್ತು ನಾಲ್ಕನೇ ಸೈಜು, ಒಟ್ಟು ಹದಿನಾರು ಚೆಂಡು ಮೈಸೂರಿನಿಂದ ಬಂದವು. ಉಳಿದ ದುಡ್ಡಲ್ಲಿ ತಂಡ ಗುರುತಿಸಲು ಅಂಗಿಯ ಮೇಲೆ ಹಾಕಿಕೊಳ್ಳುವ ಎರಡು ಬಣ್ಣದ ಬಿಬ್. ಮೊದಲ ಸಲ ಪ್ರತಿ ಮಗುವಿಗೊಂದು ಚೆಂಡು. ಈ ಪ್ರಕರಣದಲ್ಲಿ ಬೇರೆ ಯಾವ ನಿರ್ಧಾರವೂ ಇಷ್ಟು ಕೆಲಸ ಮಾಡಲಿಲ್ಲ ಎಂದು ಈಗ ಅನಿಸುತ್ತದೆ.

ಕೆರೆ, ದಡ, ಲಗೋರಿ

ಇನ್ನು ಆಡಿಸುವುದೇನು? ಕೋಚ್ ಯೂಟ್ಯೂಬಿನಲ್ಲಿ ರಾತ್ರಿಯೆಲ್ಲ ಕೂತು ವಿದೇಶಿ ಅಕಾಡೆಮಿಗಳ ಅಭ್ಯಾಸಗಳನ್ನು ಬರೆದುಕೊಂಡು ಬಂದ. ಬಾಣದ ಗುರುತು, ಎಬಿಸಿಡಿ ಬಿಂದುಗಳು. ಮಕ್ಕಳಿಗೆ ವಿವರಿಸಲು ಐದು ನಿಮಿಷ, ಅರ್ಥವಾಗದೆ ಮತ್ತೆ ಐದು ನಿಮಿಷ. ಸಾಲು ಹೋಯಿತು, ಭಾಷಣ ಬಂತು.

ದಾರಿ ತೋರಿಸಿದ್ದು ಸಹಾಯಕ ಹುಡುಗ. ಕೋಚ್ ತಡವಾಗಿ ಬಂದ ಒಂದು ದಿನ ಮಕ್ಕಳನ್ನು ಸುಮ್ಮನಿರಿಸಲು ಅವನು ಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು ಕೆರೆ-ದಡ ಆಡಿಸುತ್ತಿದ್ದ. ಚೆಂಡು ಕಾಲ ಕೆಳಗೇ ಇತ್ತು. “ಕೆರೆ” ಎಂದರೆ ಚೆಂಡಿನೊಡನೆ ಒಳಗೆ, “ದಡ” ಎಂದರೆ ಅಂಗಾಲಲ್ಲಿ ಎಳೆದುಕೊಂಡು ಹೊರಗೆ. “ದಡ, ದಡ” ಎಂದು ಎರಡು ಸಲ ಕೂಗಿ ಮೋಸ ಮಾಡಿದಾಗ ಅರ್ಧ ಜನ ಒಳಗೆ ಬಿದ್ದು ಬಿದ್ದು ನಗುತ್ತಿದ್ದರು. ಚೆಂಡನ್ನು ಅಂಗಾಲಿನಿಂದ ಹಿಂದಕ್ಕೆಳೆದು ನಿಲ್ಲಿಸುವುದನ್ನು ಕೋಚ್ ಒಂದು ವಾರ ಸಾಲಿನಲ್ಲಿ ಕಲಿಸಲು ಹೆಣಗಿದ್ದ. ಇಲ್ಲಿ ಯಾರೂ ಕಲಿಸದೆ ಹತ್ತು ನಿಮಿಷದಲ್ಲಿ ನೂರಾರು ಸಲ ಆಯಿತು. ವಿವರಿಸಬೇಕಾದ್ದೇ ಇರಲಿಲ್ಲ. ಕೆರೆ-ದಡ ಗೊತ್ತಿಲ್ಲದ ಮಗು ಆ ಊರಲ್ಲಿಲ್ಲ.

ಅಲ್ಲಿಂದ ಮುಂದೆ ಹುಡುಕಾಟದ ದಿಕ್ಕು ಬದಲಾಯಿತು. ಮಕ್ಕಳಿಗೆ ಆಗಲೇ ಗೊತ್ತಿರುವ ಆಟಕ್ಕೆ ಚೆಂಡು ಸೇರಿಸುವುದು. ಜೂಟಾಟಕ್ಕೆ ಸೇರಿಸಿದೆವು: ಓಡುವವರ ಕಾಲಲ್ಲೂ ಚೆಂಡು, ಹಿಡಿಯುವವನ ಕಾಲಲ್ಲೂ ಚೆಂಡು. “ತಲೆ ಎತ್ರೋ, ತಲೆ ಎತ್ರೋ” ಎಂದು ಕೋಚ್ ಗಂಟಲು ಹರಿದುಕೊಳ್ಳುವುದು ನಿಂತಿತು. ತಲೆ ಎತ್ತದವನು ಸಿಕ್ಕಿಬೀಳುತ್ತಿದ್ದ, ಅಷ್ಟೆ.

ಒಂದು ಕಡೆ ಮಾತ್ರ ಕೈಸುಟ್ಟುಕೊಂಡೆವು. ಔಟಾದವರು ಹೊರಗೆ ಕೂರಬೇಕೆಂಬುದು ಈ ಆಟಗಳ ಹಳೆಯ ಕಟ್ಟಳೆ. ಮೊದಲು ಔಟಾಗುವವರು ಯಾರು? ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದವರೇ. ಒಬ್ಬ ಏಳರ ಹುಡುಗ ದಿನಾ ಮೆಟ್ಟಿಲ ಮೇಲೆ ಕೂತು ಮಣ್ಣು ಗೀಚುತ್ತಿದ್ದುದನ್ನು ನಾಲ್ಕನೇ ದಿನಕ್ಕೆ ಗಮನಿಸಿದೆವು. ಕಟ್ಟಳೆ ಬದಲಾಯಿತು: ಔಟಾದವರು ಚೆಂಡಿನ ಮೇಲೆ ಹತ್ತು ಸಲ ಕಾಲ್ಬೆರಳು ತಾಗಿಸಿ ವಾಪಸ್ ಬರಬಹುದು.

ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಲಗೋರಿ. ಕಲ್ಲಿನ ಬದಲು ಐದು ಪ್ಲಾಸ್ಟಿಕ್ ಡಬ್ಬ ಪೇರಿಸಿ, ಚೆಂಡನ್ನು ಒದ್ದು ಬೀಳಿಸುವುದು. ಬೀಳಿಸಿದ ತಂಡ ಮತ್ತೆ ಪೇರಿಸಬೇಕು. ಎದುರು ತಂಡ ಚೆಂಡಿನಿಂದ ಹೊಡೆಯುವಂತಿಲ್ಲ. ಅಷ್ಟರೊಳಗೆ ತಮ್ಮ ತಮ್ಮೊಳಗೆ ಐದು ಪಾಸು ಮುಗಿಸಿದರೆ ಅವರದ್ದೇ ಗೆಲುವು. ಮೊದಲ ದಿನ ಐದು ಪಾಸು ಮುಗಿಯಲೇ ಇಲ್ಲ. ಎಲ್ಲರೂ ಚೆಂಡಿನ ಹತ್ತಿರ ಓಡಿ ಬರುತ್ತಿದ್ದರು. ಮೂರನೇ ದಿನ ಉಳಿದಿದ್ದ ಒಬ್ಬಳೇ ಹುಡುಗಿ ದೂರ ಹೋಗಿ ನಿಂತು, “ಈ ಕಡೀಕ್ ಬುಡ್ರೋ, ಇಲ್ಲಿ ಯಾರೂ ಇಲ್ಲ!” ಎಂದು ಕೂಗಿದಳು. ಬಿಟ್ಟರು. ಗೆದ್ದರು. ಖಾಲಿ ಜಾಗಕ್ಕೆ ಹೋಗಿ ನಿಲ್ಲುವುದು ಎಂದರೇನು ಎಂಬುದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ವರ್ಷ ಬರೆದಿದ್ದೇನೋ ಲೆಕ್ಕವಿಲ್ಲ. ಮರುದಿನದಿಂದ ಅವಳಿಗೆ ಚೆಂಡು ಕೊಡಿ ಎಂದು ಯಾರೂ ಹೇಳಬೇಕಾಗಲಿಲ್ಲ.

ಮಳೆ

ಮೇ ಎರಡನೇ ವಾರ ಒಂದು ರಾತ್ರಿ ಜೋರು ಮಳೆ. ಮೈದಾನದ ಮುಕ್ಕಾಲು ಕೆಸರು. ಮೆಟ್ಟಿಲ ಪಕ್ಕ ಒಣಗಿದ ಪಟ್ಟಿಯೊಂದು ಉಳಿದಿತ್ತು. ಕೋಚ್ ರಜೆ ಕೊಡಲು ಹೊರಟಿದ್ದ. ಬಂದಿದ್ದವರು 18. ಆ ಪಟ್ಟಿಯನ್ನೇ ಮೂರು ತುಂಡು ಮಾಡಿ, ಒಂದೊಂದೂ ಇಪ್ಪತ್ತು ಹೆಜ್ಜೆ ಉದ್ದ, ಹನ್ನೆರಡು ಹೆಜ್ಜೆ ಅಗಲ, ಚಪ್ಪಲಿಗಳನ್ನೇ ಗೋಲಾಗಿ ಇಟ್ಟು, ಮೂವರ ಮೇಲೆ ಮೂವರು ಆಡಿದರು. ಗೋಲ್‌ಕೀಪರ್ ಇಲ್ಲ. ಗೋಲಿನ ಅಗಲ ಎರಡು ಹೆಜ್ಜೆ. ಎತ್ತಿ ಹೊಡೆದರೆ ಲೆಕ್ಕಕ್ಕಿಲ್ಲ.

ಮೂವರೇ ಇದ್ದಾಗ ಅಡಗಿ ನಿಲ್ಲಲು ಜಾಗವಿಲ್ಲ, ಯಾರನ್ನೂ ಬಿಟ್ಟು ಆಡಲೂ ಆಗದು. ದೊಡ್ಡ ಮೈಯ ಇಬ್ಬರು ಹುಡುಗರನ್ನು ಒಂದೇ ಅಂಕಣದಲ್ಲಿ ಎದುರುಬದುರು ಹಾಕಿದೆವು. ವಯಸ್ಸಿನ ಪ್ರಕಾರ ಅಲ್ಲ, ಮೈಕಟ್ಟಿನ ಪ್ರಕಾರ ಹಂಚಿದ್ದು ಅದೇ ಮೊದಲು. ಐದೈದು ನಿಮಿಷಕ್ಕೆ ಅಂಕಣ ಬದಲು. ನೀಲಿ ಚಪ್ಪಲಿಯ ಹುಡುಗನನ್ನು ಮತ್ತೆ ಎಣಿಸಲು ಕೂತೆ. ನಲವತ್ತು ನಿಮಿಷಕ್ಕೆ 180 ದಾಟಿದಾಗ ಲೆಕ್ಕ ತಪ್ಪಿತು, ಬಿಟ್ಟೆ. ಅವನ ಚಪ್ಪಲಿ ಗೋಲುಕಂಬವಾಗಿತ್ತು.

ಮಳೆ ಬಾರದಿದ್ದರೆ ನಾವು ಇದಕ್ಕೆ ಬರುತ್ತಿದ್ದೆವೋ ಇಲ್ಲವೋ. ಇಷ್ಟು ದೊಡ್ಡ ಮೈದಾನ ಇರುವಾಗ ಮೂಲೆಯಲ್ಲಿ ಆಡಿಸುವುದು ಕೋಚಿಗೆ ಅವಮಾನದಂತೆ ಕಾಣುತ್ತಿತ್ತು. ಕೆಸರು ಒಣಗಿದ ಮೇಲೂ ಮಕ್ಕಳೇ ಮೆಟ್ಟಿಲ ಪಕ್ಕಕ್ಕೆ ಹೋದರು.

ಪೋಷಕರು, ಮತ್ತೆ

ಐದನೇ ವಾರ ಒಬ್ಬ ತಂದೆ ಬಂದು, “ದುಡ್ಡು ಕೊಟ್ಟಿರೋದು ಕೋಚಿಂಗಿಗೆ. ಲಗೋರಿ ಆಡಕ್ಕೆ ನಮ್ಮ ಬೀದಿ ಸಾಲ್ದಾ?” ಎಂದರು. ಕೋಚ್ ತಬ್ಬಿಬ್ಬಾಗಿ ಮರುದಿನ ಸಾಲು ಹಾಕಿಸಿದ. ಒಂದೇ ದಿನ. ಮಕ್ಕಳ ಮುಖ ನೋಡಿ ಅವನಿಗೇ ಬೇಸರವಾಯಿತು. ಆಮೇಲೆ ಒಂದು ಉಪಾಯ ಮಾಡಿದ. ಪೋಷಕರು ಬಂದಾಗ ಪ್ರತಿ ಆಟದ ಮೊದಲು ಅವರಿಗೆ ಒಂದೇ ವಾಕ್ಯ ಹೇಳುವುದು: “ಈಗ ನೋಡಿ, ಇದರಲ್ಲಿ ಅಂಗಾಲಿನ ಕೆಲಸ.” “ಇದರಲ್ಲಿ ಪಾಸು ಕೊಟ್ಟ ಮೇಲೆ ಎಲ್ಲಿಗೆ ಹೋಗ್ತಾನೆ ನೋಡಿ.” ಏನನ್ನು ನೋಡಬೇಕೆಂದು ಗೊತ್ತಾದ ಮೇಲೆ ದೂರು ತಗ್ಗಿತು.

ಇನ್ನೊಬ್ಬರು ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು, ಕಲಿಸಿ ಎಂದು ಹಟ ಹಿಡಿದರು. ಇದರಲ್ಲಿ ಮಾತ್ರ ಕೋಚ್ ಬಗ್ಗಲಿಲ್ಲ, ನಾನೂ ಬಗ್ಗುತ್ತಿರಲಿಲ್ಲ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೆಡ್ಡಿಂಗ್ ಬೇಡವೆಂದದ್ದು 2015ರಲ್ಲಿ. ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಅದು ಬೇಡವೆಂದು ಇಂಗ್ಲೆಂಡಿನವರು ಹೇಳಿದ್ದು 2020ರಲ್ಲಿ. ಬೆಳೆಯುವ ಮೆದುಳಿನ ವಿಷಯ. ಅಷ್ಟಕ್ಕೂ ಹವಾಯಿ ಚಪ್ಪಲಿಯ ಗೋಲಿಗೆ ತಲೆಯಿಂದ ಹೊಡೆಯುವುದು ಹೇಗೆ?

ಕೊನೆಗೆ ನಿಂತ ರೂಪ

ಕೊನೆಯ ಎರಡು ವಾರ ಬೆಳಗು ಹೀಗೆ ಸಾಗುತ್ತಿತ್ತು. ಬೇಗ ಬಂದವರು ಕಾಯುವುದಿಲ್ಲ; ಇಬ್ಬರಾದರೂ ಸರಿ, ಚಪ್ಪಲಿ ಇಟ್ಟು ಆಡಲು ಶುರು. ಹಾಗಾಗಿ ತಡವಾಗಿ ಬರುವುದು ತಾನಾಗಿಯೇ ಕಡಿಮೆಯಾಯಿತು, ಶಿಕ್ಷೆಯ ಓಟ ಬೇಕಾಗಲಿಲ್ಲ. ಆಮೇಲೆ ಕೆರೆ-ದಡ ಅಥವಾ ಜೂಟಾಟ, ಮೈ ಬೆಚ್ಚಗಾಗುವವರೆಗೆ. ನೀರು. ದಿನಕ್ಕೆ ಒಂದೇ ಹೊಸ ವಿಷಯ, ಅದನ್ನು ಒಳಗಿಟ್ಟುಕೊಂಡ ಒಂದು ಆಟ. ನೀರು. ಉಳಿದ ಅರ್ಧ ಹೊತ್ತು ಮೂವರ ಮೇಲೆ ಮೂವರು. ಕೋಚ್ ಒಂದು ಸಲಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಸಹಾಯಕ ಹುಡುಗ ದೂರದಿಂದ ಕೈ ಎತ್ತುತ್ತಿದ್ದ. ಮೊದಮೊದಲು ಆ ಕೈ ಇಳಿಯುತ್ತಲೇ ಇರಲಿಲ್ಲ.

ತಪ್ಪಾದಾಗ “ಪಾಸ್ ಕೊಡೋ” ಎಂದು ಕಿರುಚುವ ಬದಲು, ಆಟ ನಿಂತಾಗ “ಆಗ ಯಾರು ಖಾಲಿ ಇದ್ರು?” ಎಂದು ಕೇಳುವುದನ್ನು ಕೋಚ್ ಅಭ್ಯಾಸ ಮಾಡಿಕೊಂಡ. ಅವನಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ನನಗಂತೂ ಆ ವಯಸ್ಸಿನಲ್ಲಿ ಆಗುತ್ತಿರಲಿಲ್ಲ.

ಶಿಬಿರ ಮುಗಿದ ದಿನ ಇದ್ದವರು 23. ಬಿಟ್ಟುಹೋದವರಲ್ಲಿ ಕೆಲವರು ಗೆಳೆಯರ ಬಾಯಿಂದ ಕೇಳಿ ವಾಪಸ್ ಬಂದಿದ್ದರು, ನಾಲ್ವರು ಹುಡುಗಿಯರೂ ಸೇರಿ. ಉಳಿದ ಐವರು ಬರಲಿಲ್ಲ. ಅವರಲ್ಲಿ ಇಬ್ಬರ ಮನೆಗೆ ಕೋಚ್ ಹೋಗಿ ಕೇಳಿದ, ಒಬ್ಬ ಬೇಸಿಗೆಗೆ ಅಜ್ಜಿ ಊರಿಗೆ ಹೋಗಿದ್ದ, ಇನ್ನೊಬ್ಬ ಬಾಗಿಲ ಹಿಂದೆಯೇ ನಿಂತಿದ್ದ. ಸಮಾರೋಪದ ಫೋಟೋದಲ್ಲಿ ಜೆರ್ಸಿ ಇಲ್ಲ, ಕೆಂಪು-ಹಳದಿ ಬಿಬ್ ಇದೆ. ಒಬ್ಬ ತಾಯಿ ಇನ್ನೂ ಅದಕ್ಕೆ ಬೇಜಾರು ಮಾಡಿಕೊಂಡಿದ್ದಾರೆ.

ಇದರಿಂದ ಮಕ್ಕಳು ಆಟ ಬಲ್ಲವರಾದರೆಂದು ನಾನು ಹೇಳಲಾರೆ. ಆರು ವಾರ ಯಾವುದಕ್ಕೂ ಸಾಲದು. ಕೆಲವರ ಎಡಗಾಲು ಈಗಲೂ ಬರೀ ನಿಲ್ಲುವುದಕ್ಕೇ. ಕೋಚ್ ಕೇಳಿದ್ದ ಬೇಸಿಕ್ಸ್ ಪ್ರಶ್ನೆಗೂ ಪೂರ್ತಿ ಉತ್ತರ ಸಿಕ್ಕಿಲ್ಲ: ಒಳಪಾದದಿಂದ ಸರಿಯಾಗಿ ಒದೆಯುವುದನ್ನು ಒಂದಿಬ್ಬರಿಗೆ ಪಕ್ಕಕ್ಕೆ ಕರೆದು, ಕಾಲು ಹಿಡಿದು ತೋರಿಸಲೇಬೇಕಾಯಿತು. ಆಟದಲ್ಲಿ ಎಲ್ಲವೂ ತಾನಾಗಿ ಬರುತ್ತದೆ ಎನ್ನುವವರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಆದರೆ ಹಾಗೆ ಪಕ್ಕಕ್ಕೆ ಕರೆದು ತೋರಿಸಲು ಕೋಚಿಗೆ ಬಿಡುವು ಸಿಕ್ಕಿದ್ದು ಉಳಿದವರೆಲ್ಲ ಆಡುತ್ತಿದ್ದುದರಿಂದ. ಸಾಲಿನ ಕಾಲದಲ್ಲಿ ಅವನು ಸಾಲು ಕಾಯುವುದರಲ್ಲೇ ಇರುತ್ತಿದ್ದ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಈಗ ವಾರಕ್ಕೆ ಎರಡು ಸಂಜೆ, 15 ಮಕ್ಕಳು. ಉಳಿದವರನ್ನು ಟ್ಯೂಷನ್ ತೆಗೆದುಕೊಂಡಿತು. ಹನ್ನೊಂದು ದಾಟಿದ ನಾಲ್ವರು ಕೆರೆ-ದಡಕ್ಕೆ ಈಗ ಮೂಗು ಮುರಿಯುತ್ತಾರೆ, ದೊಡ್ಡ ಗೋಲು ಬೇಕು ಎನ್ನುತ್ತಾರೆ. ಅವರನ್ನು ಬೇರೆ ಮಾಡಿದರೆ ಚಿಕ್ಕವರಿಗೆ ಆಡುವ ಜೋಡಿ ಸಾಲದು, ಮಾಡದಿದ್ದರೆ ಅವರೇ ಬಿಟ್ಟುಹೋಗುತ್ತಾರೆ. ಕಳೆದ ವಾರ ಕೋಚ್ ಮತ್ತೆ ಫೋನ್ ಮಾಡಿದ್ದ. ಈ ಸಲ ಬಂದು ಗದರಿ ಅನ್ನಲಿಲ್ಲ, ಬಂದು ಎಣಿಸಿ ಅಂದ.